ಬಿಎಫ್‌ಸಿ ಎಷ್ಟು ಸಲ ಚಾಂಪಿಯನ್? ಐ-ಲೀಗ್ ಕಪ್ ಲೆಕ್ಕಕ್ಕಿಲ್ಲ ಅನ್ನುವವರಿಗೆ ಉತ್ತರ

ಓದುಗರ ಪ್ರಶ್ನೆ: ಬೆಂಗಳೂರು ಎಫ್‌ಸಿ (ಬಿಎಫ್‌ಸಿ) ಫುಟ್‌ಬಾಲ್ ತಂಡ ಇದುವರೆಗೆ ಎಷ್ಟು ಸಲ ಚಾಂಪಿಯನ್ ಆಗಿದೆ? ಒಬ್ಬರು ಒಂದು ಅಂತಾರೆ, ಇನ್ನೊಬ್ಬರು ಮೂರು, ಮತ್ತೊಬ್ಬರು ಏಳು ಅಂತಾರೆ. ಯಾವುದನ್ನು ನಂಬೋದು?

ಈ ಪ್ರಶ್ನೆಗೆ ನಾನು ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕವಿಲ್ಲ. ಸೀಸನ್ ಶುರುವಾಗುವಾಗ ಒಮ್ಮೆ ಬರುತ್ತದೆ, ಮುಗಿಯುವಾಗ ಇನ್ನೊಮ್ಮೆ ಬಂದೇ ಬರುತ್ತದೆ. ಇವತ್ತು ಪೂರ್ತಿ ಬರೆದುಬಿಡುತ್ತೇನೆ. ಮುಂದೆ ಯಾರು ಕೇಳಿದರೂ ಇದನ್ನೇ ತೋರಿಸಿ.

ಚಿಕ್ಕ ಉತ್ತರ ಇಷ್ಟು. 2024-25ರ ಸೀಸನ್ ಮುಗಿಯುವ ತನಕ ಬಿಎಫ್‌ಸಿ ಗೆದ್ದ ದೊಡ್ಡ ಕಪ್‌ಗಳು ಏಳು. ಅದರಲ್ಲಿ ಲೀಗ್ ಕಿರೀಟ ಮೂರು: ಐ-ಲೀಗ್ ಎರಡು ಸಲ, ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಒಂದು ಸಲ. ಉಳಿದ ನಾಲ್ಕು ಕಪ್ ಟೂರ್ನಿಗಳು: ಫೆಡರೇಷನ್ ಕಪ್ ಎರಡು, ಸೂಪರ್ ಕಪ್ ಒಂದು, ಡ್ಯುರಾಂಡ್ ಕಪ್ ಒಂದು. ಎಷ್ಟು ಕಪ್ ಅಂತ ಕೇಳಿದರೆ ಏಳು. ಎಷ್ಟು ಸಲ ಲೀಗ್ ಚಾಂಪಿಯನ್ ಅಂತ ಕೇಳಿದರೆ ಮೂರು. ಒಂದೇ ಅನ್ನುವವರು ಐ-ಲೀಗನ್ನು ಬಿಟ್ಟು ಎಣಿಸುತ್ತಿದ್ದಾರೆ. ಜಗಳ ಇರೋದು ಅಲ್ಲೇ.

ಅವರ ವಾದ ನಿಮಗೂ ಗೊತ್ತು. "ಐ-ಲೀಗ್ ಎರಡನೇ ದರ್ಜೆ ಲೀಗ್ ಅಲ್ವಾ? ಅಲ್ಲಿ ಗೆದ್ದಿದ್ದನ್ನು ಯಾರು ಲೆಕ್ಕಕ್ಕೆ ತಗೋತಾರೆ?" ಇವತ್ತಿನ ಬೋರ್ಡನ್ನು ಅಂದಿನ ಅಂಗಡಿಗೆ ತಗುಲಿಹಾಕುವ ಮಾತು ಇದು. ಐ-ಲೀಗ್ ಆಮೇಲೆ ಎರಡನೇ ಹಂತವಾಯಿತು, ನಿಜ. ಗೆದ್ದ ತಂಡ ಐಎಸ್‌ಎಲ್‌ಗೆ ಬಡ್ತಿ ಪಡೆಯುವ ಪದ್ಧತಿ ಬಂದದ್ದು 2022-23ರಲ್ಲಿ. ಆ ಸಲ ಗೆದ್ದು ಮೇಲೇರಿದ್ದು ಪಂಜಾಬ್. ಬಿಎಫ್‌ಸಿ ಐ-ಲೀಗ್ ಗೆದ್ದದ್ದು 2014ರಲ್ಲಿ, ಮತ್ತೆ 2016ರಲ್ಲಿ. ವರ್ಷ ನೋಡದೆ ವಾದಕ್ಕೆ ನಿಂತರೆ ಹೇಗೆ?

ಮೊದಲ ಕಪ್ಪನ್ನೇ ತಗೊಳ್ಳಿ. 2014ರ ಏಪ್ರಿಲ್ 21ರಂದು ಗೋವಾದ ಫತೋರ್ಡಾದಲ್ಲಿ ಡೆಂಪೊ ತಂಡವನ್ನು 4-2ರಿಂದ ಸೋಲಿಸಿ ಬಿಎಫ್‌ಸಿ ಚಾಂಪಿಯನ್ ಆಯಿತು. ಐಎಸ್‌ಎಲ್‌ನ ಮೊಟ್ಟಮೊದಲ ಪಂದ್ಯ ನಡೆದದ್ದು ಅದೇ ವರ್ಷ ಅಕ್ಟೋಬರ್ 12ರಂದು, ಕೋಲ್ಕತ್ತಾದಲ್ಲಿ. ಅಂದರೆ ಬಿಎಫ್‌ಸಿ ಕಪ್ ಎತ್ತಿದ ದಿನ ಐಎಸ್‌ಎಲ್ ಅನ್ನೋದು ಒಂದು ಪಂದ್ಯವನ್ನೂ ಕಂಡಿರಲಿಲ್ಲ. ಮೊದಲನೆಯದೇ ಇಲ್ಲದಾಗ ಐ-ಲೀಗ್ ಎರಡನೆಯದು ಆಗೋದು ಹೇಗೆ ಹೇಳಿ? 2007ರಿಂದ ಅಲ್ಲಿಯವರೆಗೆ ದೇಶದ ಅತಿ ದೊಡ್ಡ ಲೀಗ್ ಅದೇ. ಮೋಹನ್ ಬಗಾನ್, ಈಸ್ಟ್ ಬೆಂಗಾಲ್, ಡೆಂಪೊ, ಚರ್ಚಿಲ್ ಬ್ರದರ್ಸ್ ಎಲ್ಲರೂ ಆಡಿದ್ದು ಅಲ್ಲೇ.

ಇಲ್ಲಿಗೆ ಸುಮ್ಮನಾಗುವವರೂ ಇದ್ದಾರೆ. ಕೆಲವರು ಬಿಡಲ್ಲ. "ಸರಿ, ಆದರೆ 2016ರಲ್ಲಿ ಐಎಸ್‌ಎಲ್ ಇತ್ತಲ್ಲ?" ಇತ್ತು. ಆಗಿನ ಐಎಸ್‌ಎಲ್ ಹೇಗಿತ್ತು ಅನ್ನೋದು ನೆನಪಿದೆಯಾ? ಎಂಟು ತಂಡ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಆಟ, ಮುಗೀತು. ಅದು ಮುಗಿದ ಮೇಲೆ ಐ-ಲೀಗ್ ಕಾವೇರುತ್ತಿತ್ತು. ಎರಡರಲ್ಲೂ ಆಡುತ್ತಿದ್ದ ಭಾರತೀಯ ಆಟಗಾರರು ಬಹುತೇಕ ಅವರೇ. ನಮ್ಮ ಸುನಿಲ್ ಛೆಟ್ರಿಯೇ 2015ರಲ್ಲಿ ಮುಂಬೈ ಸಿಟಿ ಪರ ಐಎಸ್‌ಎಲ್ ಆಡಿ, ವಾಪಸ್ ಬಂದು ಬಿಎಫ್‌ಸಿಗೆ ಐ-ಲೀಗ್ ಗೆದ್ದುಕೊಟ್ಟರು. ಮುಂಬೈಯಲ್ಲಿ ಮೊದಲ ದರ್ಜೆಯಾಗಿದ್ದ ಛೆಟ್ರಿ ಕಂಠೀರವಕ್ಕೆ ಬಂದ ಕೂಡಲೇ ಎರಡನೇ ದರ್ಜೆ ಆಗಿಬಿಟ್ಟರಾ?

ಇನ್ನೂ ಗಟ್ಟಿ ಸಾಕ್ಷಿ ಬೇಕಾದರೆ ಏಷ್ಯಾ ಟೂರ್ನಿಗಳ ಕಡೆ ನೋಡಿ. ಒಂದು ದೇಶದ ಮುಖ್ಯ ಲೀಗ್ ಯಾವುದು ಅಂತ ತಿಳಿಯಲು ಇದಕ್ಕಿಂತ ಒಳ್ಳೆ ದಾರಿ ಇಲ್ಲ. 2014ರಿಂದ 2016ರವರೆಗೆ ಐಎಸ್‌ಎಲ್ ಗೆದ್ದವರಿಗೆ ಏಷ್ಯಾದಲ್ಲಿ ಒಂದು ಜಾಗವೂ ಇರಲಿಲ್ಲ. ಐ-ಲೀಗ್ ಗೆದ್ದವರು ಏಷ್ಯಾ ಚಾಂಪಿಯನ್ಸ್ ಲೀಗ್‌ನ ಅರ್ಹತಾ ಪಂದ್ಯಕ್ಕೆ ಹೋಗುತ್ತಿದ್ದರು. ಬಿಎಫ್‌ಸಿ ಹಾಗೆ ಹೋಗಿ 2015ರಲ್ಲಿ ಮಲೇಷ್ಯಾದ ಜೊಹೊರ್ ತಂಡದ ಎದುರು, 2017ರಲ್ಲಿ ಜೋರ್ಡಾನ್‌ನ ಅಲ್ ವೆಹ್ದತ್ ಎದುರು ಆಡಿತು. ಎರಡರಲ್ಲೂ ಸೋತಿತು, ಆದರೆ ಆ ಜಾಗ ಸಿಕ್ಕಿದ್ದು ಐ-ಲೀಗ್‌ನಿಂದಲೇ. 2018-19ರಲ್ಲಿ ಬಿಎಫ್‌ಸಿ ಐಎಸ್‌ಎಲ್ ಗೆದ್ದಾಗ ಏನಾಯಿತು ಗೊತ್ತಾ? ಬಿಎಫ್‌ಸಿಗೆ ಸಿಕ್ಕಿದ್ದು ಏಷ್ಯಾದ ಇನ್ನೊಂದು ಕ್ಲಬ್ ಟೂರ್ನಿಯಾದ ಎಎಫ್‌ಸಿ ಕಪ್ ಜಾಗ. ಅದಕ್ಕಿಂತ ದೊಡ್ಡದಾದ ಚಾಂಪಿಯನ್ಸ್ ಲೀಗ್ ಅರ್ಹತಾ ಜಾಗ ಆ ವರ್ಷ ಐ-ಲೀಗ್ ಗೆದ್ದ ಚೆನ್ನೈ ಸಿಟಿಗೆ ಹೋಯಿತು. ಐಎಸ್‌ಎಲ್ ಕಪ್ ಒಂದೇ ನಿಜವಾದ ಕಪ್ ಅನ್ನುವವರು ಈ ಒಂದು ಸಾಲನ್ನು ಎರಡು ಸಲ ಓದಬೇಕು. ಐಎಸ್‌ಎಲ್ ದೇಶದ ಮೊದಲ ಲೀಗ್ ಆಗಬೇಕು ಅಂತ ಏಷ್ಯಾ ಫುಟ್‌ಬಾಲ್ ಒಕ್ಕೂಟ ದಾರಿ ಹಾಕಿಕೊಟ್ಟದ್ದು 2019ರ ಅಕ್ಟೋಬರ್‌ನಲ್ಲಿ. ಅಲ್ಲಿಂದೀಚೆಗೆ ಮಾತು ಬೇರೆ.

ಈಗ ಸೀಸನ್‌ಗಳನ್ನು ಸಾಲಾಗಿ ನೋಡೋಣ. ಬಿಎಫ್‌ಸಿ ಹುಟ್ಟಿದ್ದು 2013ರಲ್ಲಿ. ಕೋಚ್ ಆ್ಯಶ್ಲೆ ವೆಸ್ಟ್‌ವುಡ್, ನಾಯಕ ಛೆಟ್ರಿ. ಮೊದಲ ವರ್ಷ ಆಡಿದ್ದು ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲಿ, ಕಂಠೀರವದಲ್ಲಲ್ಲ. 24 ಪಂದ್ಯಗಳಿಂದ 47 ಅಂಕ, ಎರಡನೇ ಸ್ಥಾನದ ಈಸ್ಟ್ ಬೆಂಗಾಲ್‌ಗಿಂತ 4 ಜಾಸ್ತಿ. ಮೊದಲ ಸೀಸನ್‌ನಲ್ಲೇ ಚಾಂಪಿಯನ್. ಹುಟ್ಟಿ ವರ್ಷ ತುಂಬದ ಕ್ಲಬ್ಬು ಕೋಲ್ಕತ್ತಾ, ಗೋವಾದ ಹಳೆಯ ತಂಡಗಳನ್ನು ಹಿಂದೆ ಹಾಕಿತು. ಇದನ್ನು ಬರೆಯುವಾಗ ಈಗಲೂ ಎದೆ ಉಬ್ಬುತ್ತದೆ.

2014-15ರಲ್ಲಿ ಫೆಡರೇಷನ್ ಕಪ್ ಬಂತು, ಲೀಗ್ ಮಾತ್ರ ಕೈ ತಪ್ಪಿತು. ಮೇ 31, ಕಂಠೀರವ, ಎದುರಿಗೆ ಮೋಹನ್ ಬಗಾನ್. ಬಿಎಫ್‌ಸಿ ಗೆಲ್ಲಲೇಬೇಕು, ಅವರಿಗೆ ಡ್ರಾ ಸಾಕು. ಮೊದಲಾರ್ಧದಲ್ಲಿ ಜಾನ್ ಜಾನ್ಸನ್ ಗೋಲು ಹೊಡೆದರು. 87ನೇ ನಿಮಿಷದವರೆಗೂ ಕಪ್ ನಮ್ಮದೇ. ಆಗ ಬೆಲ್ಲೊ ರಝಾಕ್ ಹೆಡರ್. 1-1. ಎರಡು ಅಂಕದಿಂದ ಲೀಗ್ ಹೋಯಿತು. ಮುಂದಿನ ವರ್ಷ ಅದೇ ಕಂಠೀರವದಲ್ಲಿ ಸಲ್ಗಾಂವ್ಕರ್ ತಂಡವನ್ನು 2-0ರಿಂದ ಸೋಲಿಸಿ ಐ-ಲೀಗನ್ನು ವಾಪಸ್ ತಂದರು.

2016ರಲ್ಲೇ ಇನ್ನೊಂದು ಆಯಿತು. ಅದು ಕಪ್‌ಗಳ ಎಣಿಕೆಯಲ್ಲಿ ಎಲ್ಲೂ ಬರುವುದಿಲ್ಲ ಅನ್ನೋದು ನನಗೆ ಬೇಜಾರು. ಆಲ್ಬರ್ಟ್ ರೋಕಾ ಕೋಚ್ ಆಗಿ ಬಂದಿದ್ದರು. ಎಎಫ್‌ಸಿ ಕಪ್ ಸೆಮಿಫೈನಲ್‌ನಲ್ಲಿ ಎದುರಾದದ್ದು ಅದೇ ಜೊಹೊರ್, ಹಿಂದಿನ ವರ್ಷ ಎಎಫ್‌ಸಿ ಕಪ್ ಗೆದ್ದ ತಂಡ. ಅವರ ಊರಲ್ಲಿ 1-1. ಕಂಠೀರವದಲ್ಲಿ 3-1, ಛೆಟ್ರಿಯದು ಎರಡು ಗೋಲು. ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ಬು ನಮ್ಮದು. ದೋಹಾದಲ್ಲಿ ಇರಾಕ್‌ನ ಏರ್ ಫೋರ್ಸ್ ತಂಡದ ಎದುರು 1-0ರಿಂದ ಸೋತರು. ಕ್ಲಬ್ಬಿನ ಸೀಸನ್‌ವಾರು ಪಟ್ಟಿಗಳಲ್ಲಿ "ರನ್ನರ್ ಅಪ್" ಅಂತ ಒಂದೇ ಪದ ಕಾಣುತ್ತದೆ. ಏಳು ಕಪ್‌ಗಳಲ್ಲಿ ಕೆಲವಕ್ಕಿಂತ ಇದು ದೊಡ್ಡ ಸಾಧನೆ ಅಂತಲೇ ನಾನು ಹೇಳೋದು.

2016-17ರಲ್ಲಿ ಲೀಗ್‌ನಲ್ಲಿ ನಾಲ್ಕನೇ ಸ್ಥಾನ. ಆದರೂ ಕಟಕ್‌ನಲ್ಲಿ ಸಿ.ಕೆ. ವಿನೀತ್ ಅವರ ಎರಡು ಗೋಲಿನಿಂದ ಮೋಹನ್ ಬಗಾನ್ ಸೋತಿತು, ಫೆಡರೇಷನ್ ಕಪ್ ಬಂತು. ಮುಂದಿನ ಸೀಸನ್‌ನಿಂದ ಐಎಸ್‌ಎಲ್. 2017-18ರಲ್ಲಿ ಸೂಪರ್ ಕಪ್, 2018-19ರಲ್ಲಿ ಕಾರ್ಲೆಸ್ ಕ್ವಾದ್ರತ್ ಕೈಯಲ್ಲಿ ಐಎಸ್‌ಎಲ್. ಫೈನಲ್‌ನಲ್ಲಿ ಗೋವಾ ಎದುರು 117ನೇ ನಿಮಿಷದಲ್ಲಿ ರಾಹುಲ್ ಭೇಕೆ ಕೊಟ್ಟ ಹೆಡರ್ ಯಾರಿಗೆ ತಾನೆ ಮರೆಯುತ್ತದೆ? ಆರು ಸೀಸನ್, ಪ್ರತಿ ಸೀಸನ್‌ನಲ್ಲೂ ಒಂದು ಕಪ್.

ಆಮೇಲೆ ಬರಗಾಲ. 2019-20ರಲ್ಲಿ ಸೆಮಿಫೈನಲ್ ಸೋಲು, ನಂತರ ಏಳನೇ ಸ್ಥಾನ, ಆರನೇ ಸ್ಥಾನ. 2022-23ರಲ್ಲಿ ಸೈಮನ್ ಗ್ರೇಸನ್ ಬಂದರು. ಡ್ಯುರಾಂಡ್ ಕಪ್ ಗೆದ್ದರು. ಐಎಸ್‌ಎಲ್‌ನಲ್ಲಿ ಕೊನೆಯ 8 ಲೀಗ್ ಪಂದ್ಯ ಸತತವಾಗಿ ಗೆದ್ದು ಫೈನಲ್‌ಗೆ ಹೋಗಿ ಪೆನಾಲ್ಟಿಯಲ್ಲಿ ಸೋತರು. ಸೂಪರ್ ಕಪ್ ಫೈನಲ್‌ನಲ್ಲೂ ಸೋಲು. ಒಂದೇ ಸೀಸನ್‌ನಲ್ಲಿ ಮೂರು ಫೈನಲ್! 2023-24ರಲ್ಲಿ ಹತ್ತನೇ ಸ್ಥಾನಕ್ಕೆ ಕುಸಿದರು. 2024-25ರಲ್ಲಿ ಮತ್ತೆ ಮೂರನೇ ಸ್ಥಾನ, ಮತ್ತೆ ಫೈನಲ್, ಸಾಲ್ಟ್ ಲೇಕ್‌ನಲ್ಲಿ ಮೋಹನ್ ಬಗಾನ್ ಎದುರು ಹೆಚ್ಚುವರಿ ಸಮಯದಲ್ಲಿ 2-1 ಸೋಲು.

ನೀವು ಕೇಳದೇ ಇದ್ದರೂ ಒಂದು ವಿಷಯ ಹೇಳಲೇಬೇಕು. ಐಎಸ್‌ಎಲ್‌ಗೆ ಬಂದ ಮೊದಲ ಎರಡು ವರ್ಷ ಅಂಕಪಟ್ಟಿಯಲ್ಲಿ ಮೊದಲು ನಿಂತದ್ದು ಬಿಎಫ್‌ಸಿಯೇ. 2017-18ರಲ್ಲಿ 18 ಪಂದ್ಯಗಳಿಂದ 40 ಅಂಕ, ಎರಡನೆಯವರಾದ ಚೆನ್ನೈಯಿನ್‌ಗಿಂತ 8 ಜಾಸ್ತಿ. ಬೇರೆ ದೇಶದ ಎಷ್ಟೋ ಲೀಗ್‌ಗಳಲ್ಲಿ ಅಷ್ಟಕ್ಕೇ ಚಾಂಪಿಯನ್ ಅನ್ನುತ್ತಾರೆ. ಇಲ್ಲಿ ಆಗ ಪ್ಲೇಆಫ್, ಅಂದರೆ ಮೇಲಿನ ತಂಡಗಳ ನಡುವಿನ ನಾಕೌಟ್, ಆಡಬೇಕಿತ್ತು. ಕಂಠೀರವದಲ್ಲೇ ನಡೆದ ಫೈನಲ್‌ನಲ್ಲಿ ಛೆಟ್ರಿ 9ನೇ ನಿಮಿಷಕ್ಕೇ ಗೋಲು ಹೊಡೆದರು. ಆದರೆ ಮೈಲ್ಸನ್ ಆಲ್ವೆಸ್ ಕಾರ್ನರ್‌ನಿಂದ ಎರಡು ಹೆಡರ್ ಕೊಟ್ಟರು, 3-2ರಿಂದ ಚೆನ್ನೈಯಿನ್ ಚಾಂಪಿಯನ್.

ಅಂಕಪಟ್ಟಿಯಲ್ಲಿ ಮೊದಲು ಬಂದವರಿಗೆ ಲೀಗ್ ಶೀಲ್ಡ್ ಅಂತ ಪ್ರತ್ಯೇಕ ಟ್ರೋಫಿ ಶುರುವಾದದ್ದು 2019-20ರಲ್ಲಿ, ಮೊದಲು ಪಡೆದದ್ದು ಗೋವಾ. ಬಿಎಫ್‌ಸಿ ಎರಡು ಸಲ ಮೊದಲು ನಿಂತದ್ದು ಅದಕ್ಕೂ ಮುಂಚೆ. 2018-19ರಲ್ಲಂತೂ ಗೋವಾ, ಬಿಎಫ್‌ಸಿ ಎರಡಕ್ಕೂ 34 ಅಂಕ, ಪರಸ್ಪರ ಆಡಿದ ಪಂದ್ಯಗಳ ಲೆಕ್ಕದಲ್ಲಿ ನಾವು ಮೇಲೆ. ಈ ಪದ್ಧತಿ ಎರಡು ವರ್ಷ ಮುಂಚೆ ಬಂದಿದ್ದರೆ ಏಳರ ಜೊತೆ ಇನ್ನೆರಡು ಸೇರುತ್ತಿತ್ತು. ಸೇರಿಲ್ಲ, ಹಾಗಾಗಿ ನಾನೂ ಸೇರಿಸುವುದಿಲ್ಲ. ಬಿಎಫ್‌ಸಿಯ ಸೀಸನ್‌ವಾರು ಪಟ್ಟಿ ಎಲ್ಲಾದರೂ ನೋಡಿದರೆ 2017-18ರ ಸಾಲಿನಲ್ಲಿ ಎರಡು ಅಂಕೆ ಕಾಣುತ್ತವೆ: ಲೀಗ್‌ನಲ್ಲಿ 1, ಪ್ಲೇಆಫ್‌ನಲ್ಲಿ 2. ಅಚ್ಚಿನ ತಪ್ಪು ಅಂದುಕೊಳ್ಳಬೇಡಿ. ಎರಡೂ ಸರಿಯಾಗೇ ಇವೆ.