ನಿರುದ್ಯೋಗ ಬರೀ ಶೇ 3.2 ಅಂತೆ, ಹಾಗಿದ್ರೆ ನಮ್ಮ ಬೀದೀಲಿ ಖಾಲಿ ಕೂತಿರೋರು ಯಾರು?

ಓದುಗರೊಬ್ಬರು ಬರೆದಿದ್ದಾರೆ: "ದೇಶದಲ್ಲಿ ನಿರುದ್ಯೋಗ ಶೇ 3.2 ಮಾತ್ರ ಅಂತ ಪೇಪರ್‌ನಲ್ಲಿ ಓದಿದೆ. ಅಂದ್ರೆ ನೂರಕ್ಕೆ ಮೂರು ಜನ. ನಮ್ಮ ಬೀದಿ ಒಂದರಲ್ಲೇ ಡಿಗ್ರಿ ಮುಗಿಸಿ ಮನೆಯಲ್ಲಿರುವ ಹುಡುಗರು ಆರು ಜನ ಇದ್ದಾರೆ. ನಮ್ಮ ಮನೆಯವರದು ಗಾರೆ ಕೆಲಸ. ತಿಂಗಳಿಗೆ ಹದಿನೈದು ದಿನ ಕೆಲಸ ಸಿಕ್ಕರೆ ಅದೇ ಹೆಚ್ಚು. ಹಾಗಾದರೆ ಸರ್ಕಾರದ ಲೆಕ್ಕ ಸುಳ್ಳಾ?"

ಸುಳ್ಳಲ್ಲ ಅಮ್ಮ. ನಿಮ್ಮ ಕಣ್ಣಿಗೆ ಕಂಡಿದ್ದೂ ಸುಳ್ಳಲ್ಲ. ಎರಡೂ ಒಟ್ಟಿಗೆ ಹೇಗೆ ನಿಜ ಅಂತ ತಿಳಿಯಬೇಕಾದರೆ, ಸಮೀಕ್ಷೆಯವರು ಯಾರನ್ನು 'ಕೆಲಸದಲ್ಲಿದ್ದಾರೆ' ಅಂತ ಬರೆದುಕೊಳ್ಳುತ್ತಾರೆ ಅನ್ನೋದನ್ನು ನೋಡಬೇಕು. ಸ್ವಲ್ಪ ಲೆಕ್ಕದ ವಿಷಯ, ಆದರೆ ಕಷ್ಟವೇನಿಲ್ಲ.

ಈ 3.2 ಬಂದಿರುವುದು ಕೇಂದ್ರ ಸರ್ಕಾರದ ಪಿಎಲ್‌ಎಫ್‌ಎಸ್ ಅನ್ನುವ ಸಮೀಕ್ಷೆಯಿಂದ. ಇದು 2017ರಲ್ಲಿ ಶುರುವಾಯಿತು. ಮೊದಲ ವರ್ಷ, ಅಂದರೆ 2017-18ರಲ್ಲಿ, ನಿರುದ್ಯೋಗ ಶೇ 6ರಷ್ಟಿದೆ ಅಂತ ಬಂದು ದೊಡ್ಡ ಗಲಾಟೆಯೇ ಆಗಿತ್ತು. ಆಮೇಲೆ ವರ್ಷ ವರ್ಷ ಇಳಿದು 2023-24ರಲ್ಲಿ 3.2ಕ್ಕೆ ನಿಂತಿತು. ಇದು ಊರಿನ ನೂರು ಜನರಲ್ಲಿ ಮೂವರು ಅನ್ನೋ ಲೆಕ್ಕವಲ್ಲ. 15 ವರ್ಷ ತುಂಬಿದವರಲ್ಲಿ ಕೆಲಸ ಮಾಡುತ್ತಿರುವವರನ್ನೂ ಕೆಲಸ ಬೇಕು ಅನ್ನುವವರನ್ನೂ ಕೂಡಿಸಿ, ಅದರಲ್ಲಿ ಎಷ್ಟು ಜನ ಖಾಲಿ ಇದ್ದಾರೆ ಅಂತ ನೋಡುತ್ತಾರೆ. 'ಸದ್ಯಕ್ಕೆ ಕೆಲಸ ಬೇಡ' ಅಂದವರು ಲೆಕ್ಕದಿಂದಲೇ ಹೊರಗೆ.

ಇನ್ನು ಅಳತೆಗೆ ಬರೋಣ. ಹಿಂದಿನ 365 ದಿನಗಳಲ್ಲಿ ನೀವು ಜಾಸ್ತಿ ದಿನ ಏನು ಮಾಡುತ್ತಿದ್ದಿರಿ ಅಂತ ಕೇಳುತ್ತಾರೆ. ಜಾಸ್ತಿ ದಿನ ಖಾಲಿ ಇದ್ದರೂ, ಎಲ್ಲೋ ಒಂದು ಕಡೆ 30 ದಿನ ದುಡಿದಿದ್ದರೆ ಸಾಕು, ನೀವು ಕೆಲಸದಲ್ಲಿರುವವರು. ವಾರದ ಅಳತೆಯೂ ಒಂದಿದೆ. ಹಿಂದಿನ ಏಳು ದಿನಗಳಲ್ಲಿ ಯಾವುದಾದರೂ ಒಂದು ದಿನ ಒಂದು ಗಂಟೆ ಕೆಲಸ ಮಾಡಿದ್ದರೂ ಆ ವಾರ ನಿಮಗೆ ಉದ್ಯೋಗ ಇತ್ತು ಅಂತಲೇ ಅರ್ಥ. 2025ರ ಏಪ್ರಿಲ್‌ನಿಂದ ತಿಂಗಳು ತಿಂಗಳು ಅಂಕಿ ಕೊಡುತ್ತಿದ್ದಾರಲ್ಲ, ಮೊದಲ ಸಲ ಶೇ 5.1 ಅಂತ ಬಂತು, ಅದು ಈ ವಾರದ ಅಳತೆ. ಪೇಪರ್‌ನಲ್ಲಿ ಒಂದು ದಿನ 3.2, ಇನ್ನೊಂದು ದಿನ 5.1 ನೋಡಿ ತಲೆ ಕೆಟ್ಟಿದ್ದರೆ ಕಾರಣ ಇಷ್ಟೇ.

ಒಂದು ಗಂಟೆ ಅಂದ್ರೆ ನಿಜವಾಗಿಯೂ ಒಂದೇ ಗಂಟೆನಾ? ಹೌದು. ಇದನ್ನು ನಮ್ಮ ಸರ್ಕಾರದ ಕಣ್ಕಟ್ಟು ಅನ್ನೋರಿದ್ದಾರೆ. ಆ ಮಾತು ಸರಿಯಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ, ಅಂದರೆ ಐಎಲ್‌ಒ, ಹಾಕಿಕೊಟ್ಟ ಪದ್ಧತಿ ಇದು. ಬಹಳ ದೇಶಗಳು ಹೀಗೇ ಎಣಿಸುತ್ತವೆ. ಆದರೆ ಜರ್ಮನಿಯಂಥ ಕಡೆ ಕೆಲಸ ಹೋದವನಿಗೆ ಹಿಂದಿನ ಸಂಬಳದ ಒಂದು ಪಾಲು ತಿಂಗಳುಗಟ್ಟಲೆ ಕೈಗೆ ಬರುತ್ತದೆ. ಮನೆಯಲ್ಲಿ ಕೂತು ತನಗೆ ಹೊಂದುವ ಕೆಲಸ ಹುಡುಕಬಹುದು. ನಮ್ಮಲ್ಲಿ ಹಾಗೆ ಕೂತರೆ ಸಂಜೆ ಒಲೆ ಹೊತ್ತಬೇಕಲ್ಲ?

ನಮ್ಮ ಮನೆ ಬೆಂಗಳೂರಿನ ಒಂದು ಮೂಲೆಯಲ್ಲಿ. ಹತ್ತಿರದ ಸರ್ಕಲ್‌ನಲ್ಲಿ ಬೆಳಗ್ಗೆ ಏಳಕ್ಕೇ ಜನ ಸೇರುತ್ತಾರೆ. ಗಾರೆಯವರು, ಸೆಂಟ್ರಿಂಗ್‌ನವರು, ಪೇಂಟಿಂಗ್‌ನವರು, ಹೆಲ್ಪರ್ ಹೆಂಗಸರು. ಬಹಳಷ್ಟು ಮಂದಿ ರಾಯಚೂರು, ಯಾದಗಿರಿ ಕಡೆಯವರು. ಕೈಯಲ್ಲಿ ಒಂದು ಚೀಲ, ಅದರಲ್ಲಿ ಊಟದ ಡಬ್ಬಿ, ಒಂದು ಹಳೇ ಶರ್ಟು, ಕರಣೆ. ಮೇಸ್ತ್ರಿ ಬೈಕಿನಲ್ಲಿ ಬಂದು ನಿಂತರೆ ಹತ್ತು ಜನ ಸುತ್ತುತ್ತಾರೆ, ಇಬ್ಬರನ್ನು ಕರೆದುಕೊಂಡು ಹೋಗುತ್ತಾನೆ. ಒಂಬತ್ತೂವರೆ ಆಯಿತೆಂದರೆ ಆ ದಿನದ ಕಥೆ ಮುಗಿಯಿತು. ಒಮ್ಮೆ ಹಾಲು ತರಲು ಹೋದವನು ಒಬ್ಬರನ್ನು ಮಾತಾಡಿಸಿದೆ. "ಮೂರು ದಿನ ಆತ್ರಿ, ಬರೇ ನಿಂತು ನಿಂತು ಹೋಗಾಕತ್ತೀನಿ. ಸೋಮವಾರ ಅರ್ಧ ದಿನ ಮರಳು ಹೊತ್ತೆ, ಅಷ್ಟ" ಅಂದರು. ವಾರದ ಅಳತೆಯಲ್ಲಿ ಆ ಸೋಮವಾರದ ಅರ್ಧ ದಿನ ಸಾಕು, ಅವರು ಉದ್ಯೋಗಿ. ಅವರು ಗಾರೆಯವರು, ಹೊತ್ತಿದ್ದು ಮರಳು, ಸಿಕ್ಕಿದ್ದು ಹೆಲ್ಪರ್ ಕೂಲಿಯ ಅರ್ಧ. ಉದ್ಯೋಗ ಇದೆಯೋ ಇಲ್ಲವೋ ಅನ್ನೋ ಕಾಲಂನಲ್ಲಿ ಇದ್ಯಾವುದೂ ಕಾಣುವುದಿಲ್ಲ.

ನನ್ನ ಪ್ರಕಾರ ಇಡೀ ವಿಷಯದ ಗಂಟು ಇಲ್ಲಿದೆ. ನಮ್ಮ ದೇಶದಲ್ಲಿ ನಿರುದ್ಯೋಗಿ ಅನ್ನಿಸಿಕೊಳ್ಳೋಕೂ ಒಂದಿಷ್ಟು ಅನುಕೂಲ ಬೇಕು. ಅಪ್ಪನ ಸಂಬಳವೋ, ಪಿಂಚಣಿಯೋ, ಎರಡೆಕರೆ ತೋಟವೋ ಇದ್ದವನು ಕಾಯಬಲ್ಲ. ಏನೂ ಇಲ್ಲದವನು ಸಿಕ್ಕಿದ್ದನ್ನು ಹಿಡಿಯುತ್ತಾನೆ. ಐಎಲ್‌ಒ 2024ರಲ್ಲಿ ಭಾರತದ ಬಗ್ಗೆ ಹೊರತಂದ ವರದಿಯಲ್ಲಿ ಇದು ಎದ್ದು ಕಾಣುತ್ತದೆ. 2022ರ ಅಂಕಿ ಪ್ರಕಾರ, ಪದವಿ ಮುಗಿಸಿದ ಯುವಜನರಲ್ಲಿ ನಿರುದ್ಯೋಗ ಶೇ 29.1. ಓದು ಬರಹ ಬಾರದ ಯುವಜನರಲ್ಲಿ ಬರೀ ಶೇ 3.4. ಓದದವರಿಗೆ ಒಳ್ಳೆಯ ಕೆಲಸ ಸುಲಭವಾಗಿ ಸಿಗುತ್ತಿದೆ ಅಂತ ಯಾರಾದರೂ ಹೇಳುತ್ತಾರಾ?

ನಿಮ್ಮ ಬೀದಿಯ ಆರು ಹುಡುಗರು ಆ 29ರ ಗುಂಪಿನವರು. ಅಥವಾ ಅದರಲ್ಲೂ ಇಲ್ಲದಿರಬಹುದು. ಧಾರವಾಡದ ಸಪ್ತಾಪುರಕ್ಕೋ ಬೆಂಗಳೂರಿನ ವಿಜಯನಗರಕ್ಕೋ ಹೋಗಿ ನೋಡಿ. ಕೋಚಿಂಗ್ ಬೋರ್ಡುಗಳು, ಪಿಜಿಗಳು, ತಿಂಗಳಿಗೆ ಇಷ್ಟು ಅಂತ ಕುರ್ಚಿ ಬಾಡಿಗೆಗೆ ಕೊಡುವ ಲೈಬ್ರರಿಗಳು. ಪಿಎಸ್‌ಐ, ಎಫ್‌ಡಿಎ, ಕೆಎಎಸ್ ಅಂತ ಮೂರು ವರ್ಷ, ಐದು ವರ್ಷ ಓದುವವರು ಅಲ್ಲಿದ್ದಾರೆ. ಸಮೀಕ್ಷೆಯವರು ಮನೆಗೆ ಬಂದಾಗ 'ಇವನು ಓದ್ತಾ ಇದ್ದಾನೆ, ಈಗ ಕೆಲಸಕ್ಕೆ ಹೋಗಲ್ಲ' ಅಂತ ಅಮ್ಮ ಹೇಳಿದರೆ, ಆ ಹುಡುಗ ನಿರುದ್ಯೋಗಿಯೂ ಅಲ್ಲ. ರೈಲ್ವೆಯವರು 2019ರಲ್ಲಿ ಎನ್‌ಟಿಪಿಸಿ ಅಂತ, ಅಂದರೆ ಗುಮಾಸ್ತ, ಸ್ಟೇಷನ್ ಮಾಸ್ಟರ್ ಥರದ, ಸುಮಾರು 35 ಸಾವಿರ ಹುದ್ದೆ ಕರೆದರು. ಅರ್ಜಿ ಬಂದಿದ್ದು ಸುಮಾರು 1.25 ಕೋಟಿ. ಅಷ್ಟು ಜನ 3.2ರೊಳಗೆ ಹಿಡಿಸುತ್ತಾರಾ ಅನ್ನಬೇಡಿ, ಅದರಲ್ಲಿ ಕೆಲಸದಲ್ಲಿದ್ದವರೂ ಬಹಳ ಇರುತ್ತಾರೆ. ಕೆಲಸದಲ್ಲಿದ್ದವರೂ ಅರ್ಜಿ ಹಾಕುತ್ತಾರೆ ಅನ್ನೋದೇ ಇಲ್ಲಿನ ಸುದ್ದಿ. ಕೈಯಲ್ಲಿರೋ ಕೆಲಸ ನಾಳೆ ಇರುತ್ತೆ ಅನ್ನೋ ನಂಬಿಕೆ ಅವರಿಗಿಲ್ಲ.

ಹಾಗಾದರೆ 6 ಇದ್ದದ್ದು 3.2ಕ್ಕೆ ಹೇಗೆ ಇಳಿಯಿತು? ಆ ಜನ ಎಲ್ಲಿಗೆ ಹೋದರು? ಒಂದು ಪಾಲು ಹೊಲಕ್ಕೆ. 2017-18ರಲ್ಲಿ ದುಡಿಯುವವರಲ್ಲಿ ಶೇ 44.1 ಜನ ಕೃಷಿಯಲ್ಲಿದ್ದರು. 2023-24ರಲ್ಲಿ ಅದು ಶೇ 46.1. ದೇಶ ಮುಂದುವರಿದಂತೆ ಹೊಲ ಬಿಟ್ಟು ಕಾರ್ಖಾನೆ, ಆಫೀಸಿಗೆ ಜನ ಹೋಗಬೇಕು ಅಂತ ನಾವೆಲ್ಲ ಶಾಲೆಯಲ್ಲಿ ಓದಿದ್ದು. ಇಲ್ಲಿ ಉಲ್ಟಾ. ಲಾಕ್‌ಡೌನ್‌ನಲ್ಲಿ ಊರಿಗೆ ವಾಪಸ್ಸಾದವರ ನೆನಪಿದೆಯಲ್ಲ, 2020-21ರಲ್ಲಿ ನರೇಗಾದಡಿ ದೇಶದಲ್ಲಿ ಸುಮಾರು 389 ಕೋಟಿ ಮಾನವ ದಿನಗಳ ಕೆಲಸ ನಡೆಯಿತು (ಒಬ್ಬರು ಒಂದು ದಿನ ದುಡಿದರೆ ಒಂದು ಮಾನವ ದಿನ). ಅದರ ಹಿಂದಿನ ವರ್ಷ 265 ಕೋಟಿ. ಮೂರು ಜನ ಮಾಡುತ್ತಿದ್ದ ಒಂದೂವರೆ ಎಕರೆಗೆ ಐದು ಜನ ಇಳಿದರೆ ಬೆಳೆ ಜಾಸ್ತಿ ಬರುವುದಿಲ್ಲ. ಐವರೂ 'ಕೆಲಸದಲ್ಲಿ' ಇರುತ್ತಾರೆ, ಅಷ್ಟೆ.

ಇನ್ನೊಂದು ಪಾಲು ಹೆಂಗಸರದು. ದುಡಿಮೆಗೆ ಇಳಿದ ಅಥವಾ ಇಳಿಯಲು ತಯಾರಿರುವ ಹೆಂಗಸರು 2017-18ರಲ್ಲಿ ಶೇ 23.3 ಇದ್ದರು, 2023-24ರಲ್ಲಿ ಶೇ 41.7. ಆರೇ ವರ್ಷದಲ್ಲಿ ಇಷ್ಟು ಏರಿದ್ದು ಖುಷಿಯ ವಿಷಯ ಅನ್ನಿಸುತ್ತದೆ, ಒಂದಷ್ಟು ಮಟ್ಟಿಗೆ ಹೌದು ಕೂಡ. ಆದರೆ ಈ ಏರಿಕೆ ಹೆಚ್ಚಾಗಿ ಆಗಿದ್ದು ಹಳ್ಳಿಗಳಲ್ಲಿ, ಅದೂ ಸ್ವಂತ ದುಡಿಮೆ ಮತ್ತು ಮನೆಯ ಉದ್ಯೋಗಕ್ಕೆ ಸಹಾಯ ಅನ್ನುವ ಲೆಕ್ಕದಲ್ಲಿ. ಗಂಡನ ಅಂಗಡಿಯಲ್ಲಿ ಮಧ್ಯಾಹ್ನ ಕೂರುವವರು, ಮನೆಯ ಹಸು ನೋಡಿಕೊಂಡು ಡೇರಿಗೆ ಹಾಲು ಹಾಕುವವರು ಇವರೇ. ಕೈಗೆ ಸಂಬಳ ಅಂತ ಏನೂ ಬರಲ್ಲ, ಲೆಕ್ಕದಲ್ಲಿ ಉದ್ಯೋಗಸ್ಥೆ. ಈ ಕೆಲಸವನ್ನು ಎಣಿಸಬಾರದು ಅಂತ ನಾನು ಹೇಳುತ್ತಿಲ್ಲ. ಎಣಿಸಲೇಬೇಕು. ಅದನ್ನು ತೋರಿಸಿ 'ನೋಡಿ, ಉದ್ಯೋಗ ಸೃಷ್ಟಿ' ಅಂದಾಗ ಮಾತ್ರ ನಗು ಬರುತ್ತದೆ.

ತಿಂಗಳ ಸಂಬಳದವರು ಆರಾಮಾಗಿದ್ದಾರೆ ಅಂದುಕೊಂಡರೆ, 2025ರ ಆರ್ಥಿಕ ಸಮೀಕ್ಷೆ ಬೇರೆ ಹೇಳುತ್ತದೆ. ಬೆಲೆಯೇರಿಕೆ ಕಳೆದು ನೋಡಿದರೆ, ಸಂಬಳದ ಕೆಲಸದಲ್ಲಿರುವ ಗಂಡಸಿನ ಸರಾಸರಿ ತಿಂಗಳ ಗಳಿಕೆ 2017-18ರಲ್ಲಿ 12,665 ರೂಪಾಯಿ ಇದ್ದದ್ದು 2023-24ರಲ್ಲಿ 11,858ಕ್ಕೆ ಇಳಿದಿತ್ತು. ನನಗೆ ಇದು ಹೊಸದಲ್ಲ. 2020ರಲ್ಲಿ ನಾನು ಕೆಲಸ ಮಾಡುತ್ತಿದ್ದ ಕಡೆ 'ಯಾರನ್ನೂ ತೆಗೆಯಲ್ಲ' ಅಂತ ಸಭೆ ಕರೆದು ಹೇಳಿ, ಸಂಬಳ ಮಾತ್ರ ಸುಮ್ನೆ ಅರ್ಧ ಮಾಡಿದರು. ಎಂಟು ತಿಂಗಳು ಹಾಗೇ ನಡೆಯಿತು. ಯಾವ ಸಮೀಕ್ಷೆಯಲ್ಲೂ ನಾನು ನಿರುದ್ಯೋಗಿಯಾಗಿರಲಿಲ್ಲ.

ಮನೆಯೊಳಗೆ ಏನಾಗುತ್ತದೆ ಅಂತ ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಆದರೂ ಒಂದು ಕ್ರಮ ಇದೆ, ಬಹಳ ಮನೆಗಳಲ್ಲಿ ನೋಡಿದ್ದೇನೆ. ಮೊದಲು ಚೀಟಿ ನಿಲ್ಲುತ್ತದೆ. ಆಮೇಲೆ ದಿನಸಿ ಅಂಗಡಿಯಲ್ಲಿ ಪುಸ್ತಕ ಶುರುವಾಗುತ್ತದೆ. ಲೀಟರ್ ಹಾಲು ಅರ್ಧ ಲೀಟರ್ ಆಗುತ್ತದೆ. ಮಗಳ ಟ್ಯೂಷನ್ ಬಿಡಿಸುತ್ತಾರೆ, ಮಗನದು ಬಿಡಿಸುವುದಿಲ್ಲ. ಬಿಪಿ ಮಾತ್ರೆ ದಿನ ಬಿಟ್ಟು ದಿನ. ಕಡೆಗೆ ಚಿನ್ನ. ನಮ್ಮ ಓಣಿಯ ಒಬ್ಬ ಅಕ್ಕ ಮದುವೆ ಮನೆಯೊಂದಕ್ಕೆ ಬಂದಿದ್ದರು, ಸೆರಗು ಭುಜದ ಮೇಲೆ ಬಿಗಿಯಾಗಿ ಹೊದ್ದುಕೊಂಡೇ ಇದ್ದರು. ಊಟಕ್ಕೆ ಬಗ್ಗಿದಾಗ ಕಂಡಿತು. ಸರ ಇಲ್ಲ, ತಾಳಿ ಅರಿಶಿನದ ದಾರದಲ್ಲಿದೆ. ಯಾರೂ ಏನೂ ಕೇಳಲಿಲ್ಲ. ಪಕ್ಕದವರು ಹೋಳಿಗೆ ಮೇಲೆ ಇನ್ನೊಂದು ಚಮಚ ತುಪ್ಪ ಹಾಕಿಸಿದರು.

ಚಿನ್ನ ಇಲ್ಲದವರಿಗೆ ಸಂಘದ ಸಾಲ, ವಾರದ ಕಂತು. ಕಂತಿಗೆ ರಜೆ ಇಲ್ಲ, ಕೂಲಿಗೆ ಇದೆ. ಒಂದು ಸಾಲ ತೀರಿಸಲು ಇನ್ನೊಂದು, ಅದಕ್ಕೆ ಮತ್ತೊಂದು. 2025ರ ಶುರುವಿನಲ್ಲಿ ಮೈಸೂರು, ಚಾಮರಾಜನಗರ ಕಡೆ ಮನೆಗೆ ಬೀಗ ಹಾಕಿ ಊರು ಬಿಟ್ಟವರ ಸುದ್ದಿ ಸಾಲು ಸಾಲಾಗಿ ಬಂತು, ಆತ್ಮಹತ್ಯೆಗಳೂ ಆದವು. ಆಗಲೇ ರಾಜ್ಯ ಸರ್ಕಾರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದು, ಸಾಲ ವಸೂಲಿಗೆ ಕಿರುಕುಳ ಕೊಟ್ಟರೆ 10 ವರ್ಷದವರೆಗೆ ಜೈಲು ಅಂತ ಮಾಡಿದ್ದು. ನಮ್ಮ ಟಿವಿಗಳಲ್ಲಿ ಇದು ಸಾಲದ ಸುದ್ದಿಯಾಗಿ ಬಂತು. ನಾನಂತೂ ಅದನ್ನು ದುಡಿಮೆಯ ಸುದ್ದಿಯಾಗಿಯೇ ಓದಿದೆ.

ಕೈಗೆ ಸಿಗುವ ಸಹಾಯ ಏನಿದೆ ಅಂತ ನೀವು ಕೇಳಿಲ್ಲ. ಆದರೂ ಹೇಳಿಬಿಡುತ್ತೇನೆ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇದ್ದು ಇಎಸ್‌ಐ ಕಟ್ಟುತ್ತಿದ್ದವರ ಕೆಲಸ ಹೋದರೆ, ಅಟಲ್ ಬೀಮಿತ ವ್ಯಕ್ತಿ ಕಲ್ಯಾಣ ಯೋಜನೆ ಅಂತ ಇದೆ. 2018ರಲ್ಲಿ ಬಂತು. ಸರಾಸರಿ ದಿನಗೂಲಿಯ ಅರ್ಧದಷ್ಟನ್ನು 90 ದಿನಗಳವರೆಗೆ ಕೊಡುತ್ತಾರೆ, ಜೀವನದಲ್ಲಿ ಒಂದು ಸಲ. ಗಾರ್ಮೆಂಟ್ಸ್‌ನಿಂದ ಬಿಡಿಸಿದ ಹೆಣ್ಣುಮಕ್ಕಳನ್ನು ಕೇಳಿ ನೋಡಿ, ಬಹಳ ಜನಕ್ಕೆ ಇದರ ಹೆಸರೇ ಗೊತ್ತಿಲ್ಲ. ರಾಜ್ಯದ ಯುವನಿಧಿ 2024ರ ಜನವರಿಯಲ್ಲಿ ಶಿವಮೊಗ್ಗದಲ್ಲಿ ಶುರುವಾಯಿತು. ಪಾಸಾಗಿ 180 ದಿನ ಕಳೆದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500, ಹೆಚ್ಚೆಂದರೆ ಎರಡು ವರ್ಷ. ನಿಮ್ಮ ಬೀದಿಯ ಹುಡುಗರು ಯಾವ ವರ್ಷ ಪಾಸಾದವರು ಅನ್ನೋದರ ಮೇಲೆ ಅವರಿಗೆ ಸಿಗುತ್ತೋ ಇಲ್ಲವೋ ನಿಂತಿದೆ. ನಿಮ್ಮ ಯಜಮಾನರಿಗೆ ಕಟ್ಟಡ ಕಾರ್ಮಿಕರ ಮಂಡಳಿಯ ಲೇಬರ್ ಕಾರ್ಡ್ ಮಾಡಿಸಿದ್ದೀರಾ? ವರ್ಷಕ್ಕೆ 90 ದಿನ ಕೆಲಸ ಮಾಡಿದ್ದರೆ ಸಾಕು. ಮಕ್ಕಳ ಓದಿಗೆ, ಚಿಕಿತ್ಸೆಗೆ, ಮುಂದೆ ಪಿಂಚಣಿಗೆ ಆಗುತ್ತದೆ. ಕೆಲಸ ಸಿಗದೆ ಸರ್ಕಲ್‌ನಿಂದ ವಾಪಸ್ ಬಂದ ಮಂಗಳವಾರಕ್ಕೆ ಮಾತ್ರ ಅದರಲ್ಲಿ ಏನೂ ಇಲ್ಲ.

ಕೊನೆಗೆ ಒಂದು ಮಾತು. ಪಿಎಲ್‌ಎಫ್‌ಎಸ್‌ನವರು ಎಲ್ಲ ಮನೆಗೂ ಬರಲ್ಲ, ಆರಿಸಿದ ಮನೆಗಳಿಗೆ ಮಾತ್ರ. ಅಪ್ಪಿತಪ್ಪಿ ನಿಮ್ಮ ಮನೆಗೆ ಬಂದು 'ಯಜಮಾನರು ಏನ್ಮಾಡ್ತಾರೆ' ಅಂತ ಕೇಳಿದರೆ, 'ಗಾರೆ ಕೆಲಸ' ಅಂತ ಒಂದೇ ಮಾತಿನಲ್ಲಿ ಮುಗಿಸಬೇಡಿ. ಹಿಂದಿನ ವಾರ ಯಾವ ದಿನ ಎಷ್ಟು ಗಂಟೆ ಕೆಲಸ ಸಿಕ್ಕಿತು ಅಂತ ದಿನಾ ದಿನದ್ದು ಹೇಳಿ. ಇನ್ನೂ ಜಾಸ್ತಿ ಹೊತ್ತು ಕೆಲಸ ಸಿಕ್ಕರೆ ಮಾಡುತ್ತಾರಾ ಅನ್ನೋ ಪ್ರಶ್ನೆಯೂ ಅವರ ಹಾಳೆಯಲ್ಲಿದೆ. ಅದು ಬರೋವರೆಗೆ ಅವರನ್ನು ಕೂರಿಸಿ, ಕಾಫಿ ಕೊಡಿ.