ಕಾಸರಗೋಡಿನ ಕನ್ನಡ ಮತ ದಿಲ್ಲಿ ತನಕ ಯಾಕೆ ಮುಟ್ಟುವುದಿಲ್ಲ

ರಾಜ್ಯಗಳ ಗಡಿ ಬದಲಿಸುವ ಅಧಿಕಾರ ಇರುವುದು ಸಂಸತ್ತಿಗೆ ಮಾತ್ರ. ಸಂವಿಧಾನದ 3ನೇ ವಿಧಿ ಹೇಳುವುದು ಅದನ್ನೇ. ಆಯಾ ರಾಜ್ಯದ ವಿಧಾನಸಭೆಯ ಅಭಿಪ್ರಾಯ ಕೇಳಬೇಕು, ಆದರೆ ಅದನ್ನು ಒಪ್ಪಲೇಬೇಕು ಎಂದೇನೂ ಇಲ್ಲ. ಹಾಗೆ ನೋಡಿದರೆ ಕಾಸರಗೋಡಿನ ಕನ್ನಡಿಗರಿಗೆ ಎಲ್ಲಕ್ಕಿಂತ ದೊಡ್ಡ ಚುನಾವಣೆ ಲೋಕಸಭೆಯದ್ದೇ ಆಗಬೇಕಿತ್ತು, ಅಲ್ವಾ? ನಮ್ಮ ಮತದ ಬಲ ತೀರಾ ಕಮ್ಮಿಯಾಗುವುದು ಮಾತ್ರ ಅದೇ ಚುನಾವಣೆಯಲ್ಲಿ. ಪಂಚಾಯತಿನಲ್ಲಿ ಕನ್ನಡಕ್ಕೆ ಬಲ ಇದೆ. ಮಂಜೇಶ್ವರ ವಿಧಾನಸಭಾ ಕ್ಷೇತ್ರದಲ್ಲೂ ಇದೆ. ಪಾರ್ಲಿಮೆಂಟಿನ ಲೆಕ್ಕಕ್ಕೆ ಬಂದಾಗ ಕರಗಿಹೋಗುತ್ತದೆ.

ಇದರ ಬೇರು ಇರುವುದು 1956ರಲ್ಲಿ. ಅಲ್ಲಿಯವರೆಗೆ ಕಾಸರಗೋಡು ತಾಲೂಕು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಕೋರ್ಟು, ಕಾಲೇಜು, ಆಸ್ಪತ್ರೆ ಎಲ್ಲದಕ್ಕೂ ಜನ ಮಂಗಳೂರಿಗೇ ಹೋಗುತ್ತಿದ್ದರು. ರಾಜ್ಯಗಳ ಮರುವಿಂಗಡಣೆಗೆ ನೇಮಿಸಿದ್ದ ಫಜಲ್ ಅಲಿ ಆಯೋಗ ತಾಲೂಕನ್ನು ಕೇರಳಕ್ಕೆ ಕೊಡಿ ಎಂದಿತು. 1956ರ ನವೆಂಬರ್ 1ರಂದು ಹಾಗೇ ಆಯಿತು. ಕವಿ ಕಯ್ಯಾರ ಕಿಞ್ಞಣ್ಣ ರೈಗಳಂಥವರು ಆಗ ಶುರು ಮಾಡಿದ, ಕಾಸರಗೋಡನ್ನು ಕರ್ನಾಟಕಕ್ಕೆ ಸೇರಿಸಿ ಎಂಬ ವಿಲೀನದ ಬೇಡಿಕೆಯನ್ನು ಕೊನೆಯವರೆಗೂ ಬಿಡಲಿಲ್ಲ. 2015ರಲ್ಲಿ, ನೂರು ವರ್ಷ ತುಂಬಿದ ಮೇಲೆ ಅವರು ತೀರಿಕೊಂಡರು. ಬೇಡಿಕೆ ಹಾಗೇ ಉಳಿಯಿತು.

ಗಡಿ ಬದಲಾದ ಕೆಲವೇ ತಿಂಗಳಲ್ಲಿ, 1957ರಲ್ಲಿ, ಹೊಸ ಕೇರಳದ ಮೊದಲ ಚುನಾವಣೆ ಬಂತು. ಮಂಜೇಶ್ವರದಿಂದ ಪಕ್ಷೇತರರಾಗಿ ನಿಂತ ಎಂ. ಉಮೇಶ ರಾವ್ ಅವಿರೋಧವಾಗಿ ಗೆದ್ದರು. ಎದುರು ಯಾರೂ ಉಳಿಯಲಿಲ್ಲ. ಆ ಹೊತ್ತಿನಲ್ಲಿ ಇಲ್ಲಿನ ಜನರ ಮನಸ್ಸು ಎಲ್ಲಿತ್ತು ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಮುಂದೆ ವಿಲೀನಕ್ಕಾಗಿ ಹೋರಾಡುತ್ತಿದ್ದ ಕರ್ನಾಟಕ ಸಮಿತಿಯ ಕಳ್ಳಿಗೆ ಮಹಾಬಲ ಭಂಡಾರಿ 1960ರಲ್ಲೂ 1967ರಲ್ಲೂ ಅಲ್ಲಿಂದಲೇ ಗೆದ್ದರು. ಭಾಷೆಯ ಹೆಸರಲ್ಲಿ ಮತ ಕೇಳಿ ಗೆಲ್ಲಬಹುದಾದ ಕಾಲ ಅದು.

ಅದೇ ಜನ, ಅದೇ ವರ್ಷಗಳು. ಆದರೆ ಕಾಸರಗೋಡು ಲೋಕಸಭಾ ಕ್ಷೇತ್ರದಿಂದ 1957, 1962, 1967ರಲ್ಲಿ ಸತತವಾಗಿ ಗೆದ್ದವರು ಎ.ಕೆ. ಗೋಪಾಲನ್. ಅವರು ದೇಶವೇ ಬಲ್ಲ ಕಮ್ಯುನಿಸ್ಟ್ ನಾಯಕ. ದಕ್ಷಿಣದ ಊರುಗಳ ರೈತ ಚಳವಳಿಯ ಬಲ ಅವರ ಬೆನ್ನಿಗಿತ್ತು. ಮಂಜೇಶ್ವರ ಏನು ಹೇಳಿದರೂ ಪಯ್ಯನ್ನೂರಿನ ಎದುರು ಅದು ಸಣ್ಣ ಸಂಖ್ಯೆಯೇ.

ಇವತ್ತಿಗೂ ಕ್ಷೇತ್ರದ ನಕ್ಷೆ ನೋಡಿದರೆ ವಿಷಯ ಗೊತ್ತಾಗುತ್ತದೆ. ಇದರಲ್ಲಿ ಏಳು ವಿಧಾನಸಭಾ ಕ್ಷೇತ್ರಗಳಿವೆ: ಮಂಜೇಶ್ವರ, ಕಾಸರಗೋಡು, ಉದುಮ, ಕಾಞಂಗಾಡ್, ತೃಕ್ಕರಿಪುರ, ಪಯ್ಯನ್ನೂರು, ಕಲ್ಯಾಶ್ಶೇರಿ. ಕೊನೆಯ ಎರಡು ಕಣ್ಣೂರು ಜಿಲ್ಲೆಯವು. ಕನ್ನಡಿಗರು ಜಾಸ್ತಿ ಇರುವುದು ಮೊದಲ ಎರಡರಲ್ಲಿ. ಹೀಗೆ ತೆಂಕಿಗೆ ಉದ್ದವಾಗಿರುವುದಕ್ಕೆ ಒಂದು ಸರಳ ಕಾರಣ ಇದೆ. 2011ರ ಜನಗಣತಿಯಂತೆ ಕೇರಳದ ಜನಸಂಖ್ಯೆ 3.34 ಕೋಟಿ, ಲೋಕಸಭಾ ಸ್ಥಾನ 20. ಒಂದಕ್ಕೆ ಸರಾಸರಿ 16.7 ಲಕ್ಷ ಜನ. ಕಾಸರಗೋಡು ಜಿಲ್ಲೆಯಲ್ಲಿ ಇದ್ದದ್ದು 13.07 ಲಕ್ಷ. ಕಮ್ಮಿ ಬಿದ್ದದ್ದನ್ನು ಎಲ್ಲಿಂದ ತರುವುದು? ಪಡುವಣಕ್ಕೆ ಸಮುದ್ರ. ಉತ್ತರಕ್ಕೂ ಮೂಡಣಕ್ಕೂ ಕರ್ನಾಟಕದ ಗಡಿ, ಕ್ಷೇತ್ರ ಅದನ್ನು ದಾಟುವಂತಿಲ್ಲ. ಉಳಿದದ್ದು ದಕ್ಷಿಣ ಒಂದೇ. 1956ರ ಗೆರೆ ನಮ್ಮ ಮತವನ್ನು ಈಗಲೂ ಹೀಗೆ ಕಟ್ಟಿಹಾಕಿದೆ.

ಗಡಿ ವಿವಾದಕ್ಕೆ ಪರಿಹಾರ ಹುಡುಕಲು 1966ರಲ್ಲಿ ಮಹಾಜನ ಆಯೋಗ ನೇಮಕವಾಯಿತು. 1967ರಲ್ಲಿ ವರದಿ ಬಂತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕು ಎಂದು ಅದರಲ್ಲಿತ್ತು. ಕೇರಳ ಒಪ್ಪಲಿಲ್ಲ. ಬೆಳಗಾವಿ ವಿಚಾರದಲ್ಲಿ ಮಹಾರಾಷ್ಟ್ರವೂ ಒಪ್ಪಲಿಲ್ಲ. ವರದಿ ಜಾರಿಗೆ ಬರಬೇಕಿದ್ದರೆ ಸಂಸತ್ತು ಕಾನೂನು ಮಾಡಬೇಕಿತ್ತು. ಅಲ್ಲಿ ಅದಕ್ಕಾಗಿ ಹಟ ಹಿಡಿದು ಕೂರಲು ಈ ಊರಿನ ಕನ್ನಡಿಗರ ಮತದಿಂದಲೇ ಗೆದ್ದ ಸಂಸದ ಒಬ್ಬರೂ ಇರಲಿಲ್ಲ. ಇದು ನನ್ನನ್ನು ಈಗಲೂ ಕಾಡುವ ವಿಷಯ.

ಹಾಗಂತ ಕನ್ನಡ ಬಲ್ಲವರು ಇಲ್ಲಿಂದ ದಿಲ್ಲಿಗೆ ಹೋಗಲೇ ಇಲ್ಲ ಎಂದಲ್ಲ. 1980ರಲ್ಲಿ ಸಿಪಿಎಂನ ಎಂ. ರಾಮಣ್ಣ ರೈ, 1984ರಲ್ಲಿ ಕಾಂಗ್ರೆಸ್ಸಿನ ಐ. ರಾಮ ರೈ, 1989 ಮತ್ತು 1991ರಲ್ಲಿ ಮತ್ತೆ ರಾಮಣ್ಣ ರೈ ಗೆದ್ದರು. ಇಬ್ಬರೂ ತುಳು, ಕನ್ನಡ ಬಲ್ಲ ಈ ಮಣ್ಣಿನವರು. ಹದಿನಾರು ವರ್ಷ ನಮ್ಮ ಮಾತು ಗೊತ್ತಿರುವ ಸಂಸದರೇ ಇದ್ದರು. ಆದರೆ ಅವರನ್ನು ಗೆಲ್ಲಿಸಿದ್ದು ಪಕ್ಷ. ದಕ್ಷಿಣದ ಮಲಯಾಳಿ ಮತದಾರರು ಚಿಹ್ನೆ ನೋಡಿ ಒತ್ತಿದ ಮುದ್ರೆ ಅವರನ್ನು ದಡ ಸೇರಿಸಿತು. 1996ರಿಂದ ಟಿ. ಗೋವಿಂದನ್, ಪಿ. ಕರುಣಾಕರನ್, 2019ರಿಂದ ರಾಜ್‌ಮೋಹನ್ ಉಣ್ಣಿತ್ತಾನ್. 2019ರಲ್ಲಿ ರವೀಶ ತಂತ್ರಿ ಕುಂಟಾರು, 2024ರಲ್ಲಿ ಎಂ.ಎಲ್. ಅಶ್ವಿನಿ ಎಂಬ ಇಲ್ಲಿನ ಅಭ್ಯರ್ಥಿಗಳನ್ನು ಬಿಜೆಪಿ ನಿಲ್ಲಿಸಿತು. ಇಬ್ಬರೂ ಮೂರನೇ ಸ್ಥಾನಕ್ಕೆ ನಿಂತರು.

ಮತ ಕೇಳುವಾಗ ಮಾತ್ರ ಎಲ್ಲರಿಗೂ ಕನ್ನಡ ಬೇಕು. ಪ್ರಚಾರದ ಜೀಪು ಪೆರ್ಲ, ಬದಿಯಡ್ಕದ ಕಡೆ ತಿರುಗಿದರೆ ಮೈಕಿನಲ್ಲಿ ಕನ್ನಡ, ತುಳು ಬರುತ್ತದೆ. ನಮ್ಮ ಕಡೆಯ ಮತಯಂತ್ರದಲ್ಲಿ ಅಭ್ಯರ್ಥಿಯ ಹೆಸರು ಮಲಯಾಳದ ಜೊತೆ ಕನ್ನಡದಲ್ಲೂ ಇರುತ್ತದೆ. ಪಟ್ಟಿ ಎರಡು ಭಾಷೆಯಲ್ಲಿದ್ದಾಗ ಹೆಸರುಗಳ ಕ್ರಮ ಯಾವ ಲಿಪಿಯಂತೆ ಇರಬೇಕು ಎಂದು ಚುನಾವಣಾ ಆಯೋಗ ಹೇಳಬೇಕು ಎಂಬ ನಿಯಮವೂ ಇದೆ. ಕನ್ನಡದಲ್ಲಿ ಹೆಸರು ಓದಿ ಗುಂಡಿ ಒತ್ತುವ ಹಕ್ಕು ಸಣ್ಣದಲ್ಲ. ಕಷ್ಟ ಇರುವುದು ಮತ ಹಾಕಿ ಮನೆಗೆ ಬಂದ ಮೇಲೆ. 2017ರಲ್ಲಿ ಶಾಲೆಗಳಲ್ಲಿ ಮಲಯಾಳ ಕಲಿಕೆ ಕಡ್ಡಾಯ ಮಾಡುವ ಕಾಯ್ದೆ ಬಂದಾಗ ಕನ್ನಡ ಶಾಲೆಗಳ ಮಕ್ಕಳು, ಹೆತ್ತವರು, ಮಾಸ್ತರರು ಬೀದಿಗೇ ಇಳಿಯಬೇಕಾಯಿತು.

ಬೆಲ್ಜಿಯಂ ದೇಶದ ಪೂರ್ವ ಅಂಚಿನಲ್ಲೂ ಇಂಥದ್ದೇ ಕತೆ ಇದೆ. ಮೊದಲ ಮಹಾಯುದ್ಧದ ನಂತರ ಜರ್ಮನಿಯಿಂದ ಕಿತ್ತು ಬೆಲ್ಜಿಯಂಗೆ ಸೇರಿಸಿದ ಊರುಗಳವು. ಜರ್ಮನ್ ಮಾತಾಡುವ ಅಲ್ಲಿನ ಜನ ಒಂದು ಲಕ್ಷಕ್ಕೂ ಕಮ್ಮಿ. ದೇಶದ ಪಾರ್ಲಿಮೆಂಟಿನ ಕೆಳಮನೆಯ 150 ಸ್ಥಾನಗಳಲ್ಲಿ ಅವರಿಗೆಂದು ಒಂದೂ ಇಲ್ಲ. ಫ್ರೆಂಚ್ ಮಾತಾಡುವವರೇ ತುಂಬಿರುವ ಲಿಯೇಜ್ ಕ್ಷೇತ್ರದಲ್ಲಿ ಅವರೂ ಮತ ಹಾಕುತ್ತಾರೆ. ಆದರೆ ಯುರೋಪಿಯನ್ ಪಾರ್ಲಿಮೆಂಟಿನಲ್ಲಿ ಅವರಿಗೆಂದೇ ಒಂದು ಸ್ಥಾನ ಇದೆ. ಯೂಪೆನ್ ಪೇಟೆಯಲ್ಲಿ ಅವರದ್ದೇ 25 ಸದಸ್ಯರ ಸಭೆ ಇದೆ. ಶಾಲೆಯಲ್ಲಿ ಏನು ಕಲಿಸಬೇಕು ಎಂದು ತೀರ್ಮಾನ ಮಾಡುವುದು ಆ ಸಭೆ. ಗಡಿ ಬದಲಾಗದೆಯೂ ಇಷ್ಟು ಕೊಡಬಹುದು ಎಂದು ಅಲ್ಲಿ ತೋರಿಸಿದ್ದಾರೆ. ನಮ್ಮಲ್ಲಿ ಭಾಷಾ ಅಲ್ಪಸಂಖ್ಯಾತರ ವರದಿ ಬರೆಯಲು 350ಬಿ ವಿಧಿಯಡಿ ಒಬ್ಬ ಅಧಿಕಾರಿ ಇದ್ದಾರೆ. ಸ್ಥಾನ ಇಲ್ಲ.

ಇನ್ನು ಕ್ಷೇತ್ರ ಮರುವಿಂಗಡಣೆ ಬರಲಿದೆ. ಅದಕ್ಕೆ ಮೊದಲು 2027ರ ಜನಗಣತಿ ಆಗಬೇಕು. 2002ರ ಮರುವಿಂಗಡಣೆ ಕಾಯ್ದೆಯಲ್ಲಿ ಭೌಗೋಳಿಕ ಲಕ್ಷಣ, ಆಡಳಿತದ ಗಡಿ, ಸಂಪರ್ಕ, ಸಾರ್ವಜನಿಕ ಅನುಕೂಲ ನೋಡಿ ಎಂದಿತ್ತು. ಭಾಷೆಯ ಹೆಸರೇ ಇರಲಿಲ್ಲ. ಮುಂದಿನ ಕಾಯ್ದೆಯಲ್ಲಿ ಅದನ್ನು ಸೇರಿಸಿ ಎಂದು ಕೇಳಬೇಕಾದ ಹೊತ್ತು ಇದು. ಕಳೆದ ಸಲದ ಕಾಯ್ದೆಯಂತೆ ಕರಡು ಪ್ರಕಟಿಸಿ, ಆಕ್ಷೇಪ ಕೇಳಿ, ಸಾರ್ವಜನಿಕ ಸಭೆ ನಡೆಸಬೇಕಿತ್ತು. ಈ ಸಲವೂ ಅಂಥ ಸಭೆ ಇದ್ದರೆ ಮಂಜೇಶ್ವರದಿಂದ ಮುಳ್ಳೇರಿಯದವರೆಗಿನ ಪಂಚಾಯತುಗಳು ಲೆಕ್ಕಪತ್ರ ಹಿಡಿದುಕೊಂಡು ಅಲ್ಲಿ ಹೋಗಿ ಕೂರಬೇಕು.