ಕಿಮೋ ನಂತರದ ಮರೆವಿಗೆ ಫೋನಿನ ಮೂಲಕ ತರಬೇತಿ

ಕ್ಯಾನ್ಸರ್ ಚಿಕಿತ್ಸೆ ಮುಗಿಸಿ ಬಂದ ಹಿರಿಯರು ಬೆಳಗಿನ ಮಾತ್ರೆ ನುಂಗಿದ್ದನ್ನು ಮರೆತು ಮತ್ತೆ ಡಬ್ಬಿ ತೆರೆದರೆ, ‘ಪ್ರಾಯ ಆಯಿತಲ್ಲ, ಅರಳುಮರಳು’ ಎಂದು ಮನೆಯವರು ಸುಮ್ಮನಾಗುವುದುಂಟು. ಈ ಸುಮ್ಮನಾಗುವಿಕೆಯಿಂದಲೇ ಎಷ್ಟೋ ಜನರಿಗೆ ಸಿಗಬಹುದಾದ ಸಹಾಯ ತಪ್ಪಿಹೋಗುತ್ತದೆ ಎಂಬುದು ನನ್ನ ಅನಿಸಿಕೆ. ಚಿಕಿತ್ಸೆಯ ಜೊತೆಗೆ ಬರುವ ಈ ಮರೆವನ್ನು ರೋಗಿಗಳು ‘ಕಿಮೋ ಬ್ರೈನ್’ ಎಂದು ಕರೆಯತೊಡಗಿ ದಶಕಗಳಾಗಿವೆ. ಆದರೆ ಕಿಮೋ ಒಂದೇ ಅದಕ್ಕೆ ಕಾರಣವಲ್ಲ; ಕೆಲವರಲ್ಲಿ ಚಿಕಿತ್ಸೆ ಆರಂಭವಾಗುವ ಮೊದಲೇ ಗಮನ ಮತ್ತು ನೆನಪು ಕುಗ್ಗಿರುತ್ತವೆ. ದೇಹದೊಳಗಿನ ಉರಿಯೂತ, ರಕ್ತಹೀನತೆ, ಹಾರ್ಮೋನ್ ಚಿಕಿತ್ಸೆ, ನಿದ್ರೆಗೆಟ್ಟ ರಾತ್ರಿಗಳು, ಆತಂಕ ಇವೆಲ್ಲವೂ ಸೇರಿ ಮಿದುಳಿನ ಕೆಲಸವನ್ನು ನಿಧಾನಗೊಳಿಸುತ್ತವೆ. ಇಳಿವಯಸ್ಸಿನವರಲ್ಲಿ ಇದರೊಂದಿಗೆ ಬಿ.ಪಿ., ಸಕ್ಕರೆ ಕಾಯಿಲೆ, ಕಿವಿ ಮಂದವಾಗುವುದು ಕೂಡಿಕೊಳ್ಳುತ್ತವೆ. ನಿದ್ರೆ ಮಾತ್ರೆಗಳು ಮತ್ತು ಹಳೆಯ ಬಗೆಯ ಅಲರ್ಜಿ ಮಾತ್ರೆಗಳೂ ಮಂಕು ಕವಿಸಬಲ್ಲವು. ಆದ್ದರಿಂದ ತರಬೇತಿಗೆ ಮೊದಲು ವೈದ್ಯರು ಮಾತ್ರೆಗಳ ಪಟ್ಟಿಯನ್ನು ಪೂರ್ತಿ ನೋಡುವುದು ಅಗತ್ಯ.

ಇಂಥ ಮರೆವಿಗೆಂದೇ ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಫರ್ಗುಸನ್ ಮತ್ತು ಸಂಗಡಿಗರು ‘ಮಾಟ್’ (MAAT, ಅಂದರೆ ನೆನಪು ಮತ್ತು ಗಮನದ ಹೊಂದಾಣಿಕೆಯ ತರಬೇತಿ) ಎಂಬ ಚುಟುಕು ಹೆಸರಿನ ತರಬೇತಿಯೊಂದನ್ನು ರೂಪಿಸಿದರು. ಮಿದುಳನ್ನು ಒಗಟು ಬಿಡಿಸಿ ಚುರುಕುಗೊಳಿಸುವ ಆಟ ಇದಲ್ಲ. ಮರೆವು ಎಲ್ಲಿ, ಯಾವಾಗ ಎದುರಾಗುತ್ತದೆಂದು ಗುರುತಿಸಿ, ಅದರ ನಡುವೆಯೂ ದಿನವನ್ನು ಸರಾಗವಾಗಿ ಸಾಗಿಸುವ ರೂಢಿಗಳನ್ನು ಕಲಿಸುವ ವರ್ತನಾ ಚಿಕಿತ್ಸೆ. 2016ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಸ್ತನ ಕ್ಯಾನ್ಸರಿನಿಂದ ಗುಣವಾದ 47 ಮಹಿಳೆಯರು ಭಾಗವಹಿಸಿದ್ದು, ವಿಡಿಯೊ ಕರೆಯ ಮೂಲಕ 8 ಭೇಟಿಗಳು ನಡೆದವು. ಬರಿಯ ಸಾಂತ್ವನದ ಮಾತುಕತೆ ಪಡೆದವರಿಗಿಂತ ಈ ತರಬೇತಿ ಪಡೆದವರಲ್ಲಿ ಮರೆವಿನ ದೂರು ಕಡಿಮೆಯಾಗಿ, ವಿಷಯ ಗ್ರಹಿಸುವ ವೇಗ ಹೆಚ್ಚಿತು. ಗುಂಪು ಚಿಕ್ಕದು, ಅವರೆಲ್ಲ ವೃದ್ಧರೂ ಅಲ್ಲ. ಆದ್ದರಿಂದ 75 ದಾಟಿದವರಿಗೆ ಇದೇ ಫಲ ಖಚಿತವೆಂದು ನಾನು ಹೇಳಲಾರೆ. ಆದರೆ ದೂರದಿಂದಲೇ ಕಲಿಸಲು ಸಾಧ್ಯ ಎಂಬುದು ಕಾಸರಗೋಡಿನವರಿಗೆ ಸಣ್ಣ ವಿಷಯವಲ್ಲ.

ತರಬೇತಿ ನಡೆಯುವ ಬಗೆಯನ್ನು ಒಂದು ಉದಾಹರಣೆಯಿಂದ ನೋಡೋಣ. ಪೆರ್ಲದ ಕಡೆಯ ಒಬ್ಬ ಅಜ್ಜಿ ಒಲೆಯ ಮೇಲೆ ಹಾಲಿಟ್ಟು ಮರೆಯುತ್ತಾರೆಂದು ಇಟ್ಟುಕೊಳ್ಳಿ. ತರಬೇತುದಾರರು ಮೊದಲ ವಾರ ಪರಿಹಾರ ಹೇಳುವುದಿಲ್ಲ, ಬರೆದಿಡಲು ಹೇಳುತ್ತಾರೆ: ಗಂಟೆ ಎಷ್ಟು, ಆಗ ಏನು ನಡೆಯುತ್ತಿತ್ತು, ಮನಸ್ಸು ಹೇಗಿತ್ತು. ವಾರದ ಪುಟ ತಿರುವಿದಾಗ, ಹಾಲು ಉಕ್ಕಿದ ದಿನಗಳಲ್ಲೆಲ್ಲ ಹಿಂದಿನ ರಾತ್ರಿ ನಿದ್ರೆ ಬಂದಿರಲಿಲ್ಲ, ಅಥವಾ ಹಾಲಿಟ್ಟ ಹೊತ್ತಿಗೇ ಅಂಗಳದಿಂದ ಯಾರೋ ಕೂಗಿದ್ದರು ಎಂಬುದು ಕಾಣಬಹುದು. ಹಾಗಿದ್ದರೆ ಹಾಳಾದದ್ದು ನೆನಪಲ್ಲ, ಕದಡಿದ್ದು ಗಮನ. ಇದು ತಿಳಿದಾಗ ‘ನನಗೆ ತಲೆ ಕೆಟ್ಟಿತು’ ಎಂಬ ಹೆದರಿಕೆ ಇಳಿಯುತ್ತದೆ, ಹೆದರಿಕೆ ಇಳಿದಾಗ ಗಮನಕ್ಕೆ ಒಂದಿಷ್ಟು ಜಾಗ ಸಿಗುತ್ತದೆ. ಮುಂದಿನ ವಾರಗಳಲ್ಲಿ ನಿಧಾನ ಉಸಿರಾಟದ ಅಭ್ಯಾಸ, ಕನ್ನಡಕಕ್ಕೂ ಮಾತ್ರೆಗೂ ಒಂದೇ ಖಾಯಂ ಜಾಗ, ‘ಗ್ಯಾಸ್ ಬಂದ್ ಮಾಡಿದೆ’ ಎಂದು ಬಾಯಿಬಿಟ್ಟು ಹೇಳಿಕೊಂಡೇ ಅಡುಗೆಮನೆಯಿಂದ ಹೊರಬರುವ ರೂಢಿ, ಒಂದು ಕೆಲಸ ಮುಗಿಸಿಯೇ ಇನ್ನೊಂದಕ್ಕೆ ಕೈಹಾಕುವುದು ಹೀಗೆ ಒಂದೊಂದಾಗಿ ಸೇರುತ್ತವೆ.

ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕಡೆಯ ರೋಗಿಗಳು ಚಿಕಿತ್ಸೆಗೆ ಹೆಚ್ಚಾಗಿ ಮಂಗಳೂರಿಗೋ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರಿಗೋ ಹೋಗಬೇಕಾಗುತ್ತದೆ. 2020ರ ಲಾಕ್‌ಡೌನಿನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಮಂಗಳೂರನ್ನೇ ನಂಬಿದ್ದವರು ಪಟ್ಟ ಪಾಡು ಇಲ್ಲಿ ಯಾರಿಗೂ ಮರೆತಿಲ್ಲ. ಮರೆವಿನಂಥ ‘ಸಣ್ಣ’ ದೂರಿಗಾಗಿ ವಾರವಾರ ಬಸ್ಸು ಹತ್ತಿಸಿ ಕರೆದೊಯ್ಯುವವರು ಯಾರು? ದೂರದಷ್ಟೇ ದೊಡ್ಡ ತೊಡಕು ಭಾಷೆಯದು. ನೆನಪಿನ ಪರೀಕ್ಷೆಯಲ್ಲಿ ಪದಗಳ ಪಟ್ಟಿ ಕೇಳಿಸಿ ಮರುಹೇಳಿಸುತ್ತಾರೆ. ಮನೆಯಲ್ಲಿ ಕನ್ನಡವೋ ತುಳುವೋ ಆಡುವ ಹಿರಿಯರಿಗೆ ಮಲಯಾಳದಲ್ಲಿ ಈ ಪರೀಕ್ಷೆ ನಡೆಸಿದರೆ ಇಲ್ಲದ ಮರೆವೂ ಅಂಕಪಟ್ಟಿಯಲ್ಲಿ ಇದ್ದಂತೆ ಕಾಣುತ್ತದೆ. ಫೋನಿನ ಮೂಲಕವಾದರೆ ಕನ್ನಡ ಬಲ್ಲ ತರಬೇತುದಾರರು ಮೈಸೂರಿನಲ್ಲಿದ್ದರೂ ಸಾಕು. 2008ರಲ್ಲೇ ಪಾಲಿಯೇಟಿವ್ ಆರೈಕೆ (ದೀರ್ಘ ಕಾಯಿಲೆಯವರ ನೋವು, ಸಂಕಟ ತಗ್ಗಿಸುವ ಆರೈಕೆ) ನೀತಿಯನ್ನು ತಂದ ಕೇರಳದಲ್ಲಿ ಪಂಚಾಯತಿನ ನರ್ಸ್ ಮನೆಬಾಗಿಲಿಗೇ ಬರುತ್ತಾರೆ. ಮೊದಲ ಕರೆಯ ದಿನ ಅವರು ಪಕ್ಕದಲ್ಲಿದ್ದು ಫೋನನ್ನು ಎಲ್ಲಿ ಇಡಬೇಕು, ದನಿ ಎಷ್ಟಿರಬೇಕು ಎಂದು ಹೊಂದಿಸಿಕೊಟ್ಟರೆ ಮುಂದಿನದು ಹಗುರ. ಆತಂಕ, ಖಿನ್ನತೆ ವಿಪರೀತವಾದರೆ 2022ರಲ್ಲಿ ಆರಂಭವಾದ, ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್ ಸೇವೆಗೆ, ಅಂದರೆ 14416ಕ್ಕೆ, ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಫೋನಿಗೆ ಬಿಡಬಾರದ ಲಕ್ಷಣಗಳೂ ಇವೆ. ಒಂದೆರಡು ದಿನಗಳಲ್ಲೇ ಗೊಂದಲ ಹೆಚ್ಚಿದರೆ, ಜ್ವರದೊಂದಿಗೆ ಅಸಂಬದ್ಧ ಮಾತು ಬಂದರೆ, ಮಾತು ತೊದಲಿದರೆ, ಒಂದು ಬದಿಯ ಕೈಕಾಲು ಸೋತರೆ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. ಚೆನ್ನಾಗಿ ಬಲ್ಲ ದಾರಿಯೇ ತಪ್ಪುವಂತಾದರೆ ಡಿಮೆನ್ಷಿಯಾದ ತಪಾಸಣೆ ಬೇರೆಯೇ ಆಗಬೇಕು.

ಉಳಿದಂತೆ ಮನೆಯವರ ಪಾಲಿಗೆ ಒಂದು ಕೆಲಸವಿದೆ. ತರಬೇತುದಾರರು ಅಜ್ಜಿಯನ್ನು ಪ್ರಶ್ನೆ ಕೇಳಿದಾಗ ಪಕ್ಕದಲ್ಲಿ ಕುಳಿತ ಮಗನೋ ಸೊಸೆಯೋ ಅವಸರದಲ್ಲಿ ಉತ್ತರ ಕೊಡಬಾರದು; ಉತ್ತರ ಅಜ್ಜಿಯ ಬಾಯಿಂದ ಬರುವ ತನಕ ಕಾಯಬೇಕು, ಆ ವಾರದ ಪುಸ್ತಕವನ್ನೂ ಅವರ ಕೈಯಿಂದಲೇ ಬರೆಸಬೇಕು.